ಲೇಪ ಹಿಡಿಯದ ಜಾಗ

ಕೆಲಸದ ಮೇಜಿನ ಮೇಲೆ ಭಾರವಾದ ಗಂಟನ್ನಿಟ್ಟು ತಿಲೆನ್ ಬಟ್ಟೆ ಬಿಚ್ಚಿದ.

"ನೋಡಿ, ನಿಮ್ಮ ಚಿನ್ನದ ಬಣ್ಣ ಎದ್ದು ಬಂದಿದೆ."

ನೆಜಾ ಬಗ್ಗಿ ನೋಡಿದಳು. ಅವನ ಎಣ್ಣೆ ಗಾಣದಲ್ಲಿ ಬೀಜ ಒತ್ತುವ ಪಿಸ್ಟನ್ ಅದು. ಮೊಳದುದ್ದದ ಉಕ್ಕಿನ ಮೇಲೆ ಅವಳೇ ಕೂರಿಸಿದ್ದ ಹೊಂಬಣ್ಣದ ಲೇಪ. ಅದರ ನಡುವೆ ಅಂಗೈಯಗಲದ ಜಾಗದಲ್ಲಿ ಮಾತ್ರ ಬರೀ ಬೂದು ಉಕ್ಕು.

ಮೂರು ವಾರದಿಂದ ಅವಳು ಇವನ ದಾರಿ ಕಾಯುತ್ತಿದ್ದಳು. ಬಂದದ್ದು ಹೀಗೆ...

"ಏನು ಹಾಕಿ ಉಜ್ಜಿದಿರಿ?" ಎಂದಳು. ಕೇಳಬೇಕೆಂದುಕೊಂಡದ್ದು ಅದಲ್ಲ.

"ನಾನ್ಯಾಕೆ ಉಜ್ಜಲಿ? ಗಾಣಕ್ಕೆ ಹಾಕಿದೆ, ಕುಂಬಳಬೀಜ ಹಿಂಡಿದೆ. ಐದನೇ ದಿನಕ್ಕೆ ಕಿರ್ ಅನ್ನೋಕೆ ಶುರುವಾಯ್ತು. ಕಾದು ಕಾದು ಎಣ್ಣೆಗೆಲ್ಲ ಸೀದ ವಾಸನೆ. ಮೊದಲ ಸಲ ಕುಲುಮೆ ಹಿಡಿದ ಹುಡುಗಿ ಕೈಗೆ ಯಾಕೆ ಕೊಟ್ಟೆ ಅಂತ ಊರವರು ಕೇಳ್ತಿದಾರೆ."

"ನೀವೇನಂದಿರಿ?"

ತಿಲೆನ್ ಮುಖ ತಿರುಗಿಸಿ ಬಿಚ್ಚಿದ ಬಟ್ಟೆಯನ್ನು ಮಡಿಸತೊಡಗಿದ. ಅದೇ ಅವಳನ್ನು ಹೆಚ್ಚು ಚುಚ್ಚಿತು.

ಸದ್ದು ಕೇಳಿ ಕಾರ್ಖಾನೆಯ ಒಡತಿ, ಎಲ್ಲರೂ ಚಿಕ್ಕಮ್ಮ ಎಂದು ಕರೆಯುವ ಯೋಲಾಂಕಾ, ಕನ್ನಡಕವನ್ನು ಹಣೆಗೇರಿಸಿಕೊಂಡು ಬಂದಳು. ಪಿಸ್ಟನ್ ಮೇಲೆ ಉಗುರಾಡಿಸಿ ನೋಡಿದಳು.

ತಿಲೆನ್‌ನಂಥ ಮುರಾ ಹೊಳೆಯಾಚೆಯ ರೈತರು ಈ ಲೇಪವನ್ನು ಬಣ್ಣವೆಂದೇ ಕರೆಯುತ್ತಾರೆ. ಅದು ಬಣ್ಣವಲ್ಲ, ಕುಲುಮೆಯ ಶಾಖದಲ್ಲಿ ಕೂರಿಸುವ ಪಿಂಗಾಣಿಯ ಜಾತಿಯ ಗಟ್ಟಿ ಲೇಪ. ತಲೆಗೂದಲಿನ ಇಪ್ಪತ್ತರಲ್ಲೊಂದು ಪಾಲು ದಪ್ಪ, ಅಷ್ಟೇ. ಅದು ಕೂತರೆ ಲೋಹಕ್ಕೆ ಲೋಹ ತಿಕ್ಕುವುದಿಲ್ಲ, ಕಾಯುವುದಿಲ್ಲ, ಜಾರಿಕೊಂಡು ಹೋಗುತ್ತದೆ. ಆದರೆ ಅದು ಕೂರಬೇಕಾದರೆ ಅಡಿಯ ಉಕ್ಕು ಅಷ್ಟು ಶುಚಿಯಾಗಿರಬೇಕು. ತೊಳೆದು ಒಣಗಿಸಿದ ಮೇಲೆ ಅದರ ಹತ್ತಿರ ಕೆಮ್ಮಲಿಕ್ಕೂ ಯೋಲಾಂಕಾ ಬಿಡುತ್ತಿರಲಿಲ್ಲ.

"ನೆಜಾ, ತಪ್ಪು ನಮ್ಮದಾದ್ರೆ ನಾಳೆಯಿಂದ ನೀನು ಮತ್ತೆ ತೊಟ್ಟಿ ಹತ್ರಾನೇ. ಬೇಜಾರು ಮಾಡ್ಕೋಬೇಡ."

ನಾಲ್ಕು ವರ್ಷ ತೊಟ್ಟಿಯ ಬಳಿ ನಿಂತು ಸಾಮಾನು ತೊಳೆದ ಮೇಲೆ ಸಿಕ್ಕಿದ ಕುಲುಮೆ ಅದು. ಇವನ ಒಂದು ಪಿಸ್ಟನ್ ಅದನ್ನು ಕಿತ್ತುಕೊಳ್ಳುತ್ತದಲ್ಲ... ನಾನೇ ಏನಾದರೂ ಮರೆತೆನೆ?

ಅವಳು ಭೂತಗನ್ನಡಿ ತಂದಳು. ಬೂದು ಜಾಗದ ಅಂಚಿನುದ್ದಕ್ಕೂ ನಿಧಾನವಾಗಿ ಕಣ್ಣು ಹಾಯಿಸಿದಳು. ಉದ್ದಕ್ಕೆ ನಾಲ್ಕು ಪಟ್ಟಿ. ಕೆಳಗೊಂದು ಅಗಲವಾದ ಮಚ್ಚೆ. ಪಕ್ಕಕ್ಕೆ ಮೊಂಡಾದ ಇನ್ನೊಂದು.

ಕೈಗವಸು ತೊಟ್ಟ ತನ್ನ ಕೈಯನ್ನು ಅದರ ಮೇಲೆ ಹಿಡಿದಳು. ಆ ಗುರುತು ಅವಳ ಕೈಗಿಂತ ಬೆರಳಿನ ಒಂದು ಗೆಣ್ಣಷ್ಟು ದೊಡ್ಡದಿತ್ತು.

"ಚಿಕ್ಕಮ್ಮಾ, ಇದು ಕೈ ಗುರುತು. ತೊಳೆದ ಮೇಲೆ ಯಾರೋ ಬರಿಗೈಲಿ ಮುಟ್ಟಿದಾರೆ. ಚರ್ಮದ ಜಿಡ್ಡು ಇದ್ದ ಕಡೆ ಲೇಪ ಹಿಡಿದಿಲ್ಲ."

"ನಮ್ಮೋರು ಯಾರು ಬರಿಗೈಲಿ ಮುಟ್ತಾರೆ? ಅವತ್ತು ಇಲ್ಲಿ ಯಾರಿದ್ರು?"

ನೆಜಾಳಿಗೆ ಗೊತ್ತಾಗಿಹೋಗಿತ್ತು. ಪಿಸ್ಟನ್ ತಂದ ದಿನ, ಹೊರಗೆ ಚಳಿ, ಒಳಗೇ ಕೂತ್ಕೋ ಎಂದು ಯೋಲಾಂಕಾಳೇ ತಿಲೆನ್‌ಗೆ ಸ್ಟೂಲು ಕೊಟ್ಟಿದ್ದಳು. ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ತಿಲೆನ್ ತನ್ನ ಬಲಗೈಯನ್ನೇ ನೋಡಿಕೊಳ್ಳುತ್ತ ಟೋಪಿ ತೆಗೆದ.

"ಅದು ನನ್ನ ಕೈ."

ಇಬ್ಬರೂ ಅವನತ್ತ ತಿರುಗಿದರು.

"ಗಾಣಕ್ಕೆ ಹೊಸ ಭಾಗ ಹಾಕೋ ಮುಂಚೆ ನಮ್ಮ ಮನೇಲಿ ಅಂಗೈ ಇಟ್ಟು ಒಳ್ಳೇದಾಗಲಿ ಅಂತೀವಿ. ತಾತನ ಕಾಲದಿಂದ್ಲೂ ಹಾಗೇ. ಇವರು ಅದನ್ನ ಕುಲುಮೇಲಿ ನೇತು ಹಾಕೋ ಕೊಕ್ಕೆ ತರೋಕೆ ಹೋದಾಗ ಎದ್ದು ಹೋಗಿ ಇಟ್ಟೆ. ಮುಟ್ಟಿದ್ರೆ ಕೆಡುತ್ತೆ ಅಂತ ಗೊತ್ತಿರ್ಲಿಲ್ಲ. ಇವರ ತಪ್ಪಿಲ್ಲ, ಚಿಕ್ಕಮ್ಮ."

"ಗಾಣಕ್ಕೆ ಒಳ್ಳೇದಾಗಲಿ ಅಂತ ಗಾಣಾನೇ ಕೆಡಿಸಿದೆಯಲ್ಲೋ ಮಹರಾಯ."

"ಗಾಣಕ್ಕಲ್ಲ..." ತಿಲೆನ್ ಟೋಪಿಯ ಅಂಚನ್ನು ಹಿಸುಕಿದ. "ಅವತ್ತು ಇವರು, ಇದು ನನ್ನ ಮೊದಲ ಕುಲುಮೆ, ಭಯ ಆಗ್ತಿದೆ ಅಂದಿದ್ರು. ಇವರಿಗೆ ಒಳ್ಳೇದಾಗಲಿ ಅಂದೆ."

ಯೋಲಾಂಕಾ ಕನ್ನಡಕವನ್ನು ಮೂಗಿಗಿಳಿಸಿ ಇಬ್ಬರನ್ನೂ ಒಮ್ಮೆ ನೋಡಿದಳು.

"ಕುಲುಮೆ ನಿಂದೇ ಕಣೆ, ನಡೆಸು. ನಾನು ಕಾಫಿಗೆ ಇಡ್ತೀನಿ. ಸ್ವಲ್ಪ ತಡವಾಗುತ್ತೆ."

ಅವಳು ಅತ್ತ ಹೋದದ್ದೇ ತಡ, ನೆಜಾ ಸ್ಟೂಲಿನ ಮೇಲೆ ಕೂತಳು. ಅಳುವೋ ನಗುವೋ ತಿಳಿಯದೆ ಕೈಗವಸನ್ನು ಎಳೆದು ಮೇಜಿನ ಮೇಲೆ ಹಾಕಿದಳು.

"ಸುಮ್ಮನಿದ್ದಿದ್ರೆ ನಿಮಗೆ ಏನೂ ಆಗ್ತಿರ್ಲಿಲ್ಲ," ಎಂದಳು.

"ನಿಮಗೆ ಆಗ್ತಿತ್ತಲ್ಲ." ಅವನು ಇನ್ನೂ ತಲೆ ಎತ್ತಿರಲಿಲ್ಲ. "ಅವಳ ಕೆಲಸದಲ್ಲಿ ತಪ್ಪಿರಲ್ಲ ಅಂತಾನೇ ಊರವರಿಗೆ ಹೇಳಿದ್ದು. ಎಲ್ರೂ ನಕ್ಕರು. ಆಮೇಲೆ ನಾನೇ ಒಂದಿಷ್ಟು ಕೋಪ ತಂದ್ಕೊಂಡೆ. ಕೋಪ ಇಲ್ದೆ ನಿಮ್ಮ ಮುಂದೆ ನಿಂತು ಮಾತಾಡೋಕೆ ನಂಗೆ ಬರಲ್ಲ."

"ಈಗ ಮಾತಾಡ್ತಿದೀರಲ್ಲ."

"ಈಗ ಹೆದರಿಕೆ ಹೋಯ್ತು. ಬೈಸ್ಕೊಳ್ಳೋದೆಲ್ಲ ಬೈಸ್ಕೊಂಡಾಯ್ತಲ್ಲ."

ನೆಜಾ ನಕ್ಕುಬಿಟ್ಟಳು. ಎಷ್ಟು ದಿನವಾಗಿತ್ತು ಹೀಗೆ ಹಗುರಾಗಿ ನಕ್ಕು...

"ಹಳೇ ಲೇಪ ತೆಗೆದು ಹೊಸದು ಕೂರಿಸೋಕೆ ನಾಲ್ಕು ದಿನ ಬೇಕು. ಶುಕ್ರವಾರ ಬನ್ನಿ."

"ಈ ಸಲ ಲೇಪ ಗಟ್ಟಿಯಾಗಿ ಕೂತರೆ ಇನ್ನು ಹತ್ತು ವರ್ಷ ಇಲ್ಲಿಗೆ ಬರೋ ಕೆಲಸಾನೇ ಇರಲ್ಲ ನಂಗೆ," ಎಂದ ತಿಲೆನ್. ಆ ದನಿಯಲ್ಲಿ ಸಂತೋಷವಿರಲಿಲ್ಲ.

ಅವಳು ಪಿಸ್ಟನ್ನನ್ನು ಮೆಲ್ಲಗೆ ಬಟ್ಟೆಯಲ್ಲಿ ಸುತ್ತಿದಳು. ಸುತ್ತಿ ಮುಗಿದರೂ ಕೈ ತೆಗೆಯಲಿಲ್ಲ.

"ಭಾನುವಾರ ಕಾರ್ಖಾನೆಗೆ ರಜ. ನಮ್ಮನೆ ಚರ್ಚಿನ ಹಿಂದಿನ ಬೀದೀಲಿದೆ."

"ಯಾಕೆ ಬಂದೆ ಅಂತ ನಿಮ್ಮಪ್ಪ ಕೇಳಿದ್ರೆ?"

"ನೀನೇನೂ ಹೇಳ್ಬೇಡ," ಎಂದಳು ನೆಜಾ. "ನಾನೇ ಬರ ಹೇಳಿದ್ದು ಅಂತ ನಾನು ಹೇಳ್ತೀನಿ."