ಮಡ್ಡಿಕೆರೆಯ ಮೂರು ಡಬ್ಬಿ

2025ರ ಜನವರಿ 19, ಭಾನುವಾರ. ಬೆಳಿಗ್ಗೆ 10.20ಕ್ಕೆ ತಿಕೋಟಾ ಪೊಲೀಸ್ ಠಾಣೆಗೆ ಬಂದ ಆರತಿಯ ಬಟ್ಟೆ ಇನ್ನೂ ಒದ್ದೆಯಾಗಿತ್ತು. ವಿಜಯಪುರದ ಔಷಧಿ ಅಂಗಡಿಯೊಂದರಲ್ಲಿ ಕೆಲಸ ಮಾಡುವ ಇಪ್ಪತ್ತಾರರ ಹುಡುಗಿ. ಅವಳ ಅಣ್ಣ ಅಜಿತ ಮೂರು ತಾಸಿನ ಹಿಂದೆ ಮಡ್ಡಿಕೆರೆಯಲ್ಲಿ ಮುಳುಗಿ ಸತ್ತಿದ್ದ.

ಪಿಎಸ್‌ಐ ಹಸೀನಾ ಇನಾಮದಾರ ಕುರ್ಚಿ ತೋರಿಸಿದರು. ಆರತಿ ಕೂರಲಿಲ್ಲ.

"ಇದು ಹಂಗ ಆಗಿದ್ದಲ್ರಿ ಮೇಡಂ. ಬಾವಿ ಮ್ಯಾಲ ಮೂರು ಡಬ್ಬಿ ತೇಲತಿದ್ವು. ನಿನ್ನೆ ಸಂಜಿಮುಂದ ನಾನ ನೋಡೇನಿ. ಇವತ್ತ ಮುಂಜಾನೆ ಇರಲಿಲ್ಲ. ಯಾರೋ ತಗದಾರ."

ಘೋಣಸಗಿ ಆಚೆ, ಕುರುಚಲು ಕಾಡಿಗೆ ಹೊಂದಿಕೊಂಡ ಮಡ್ಡಿಕೆರೆಗೆ ಕಾಲುವೆ ನೀರು ತುಂಬಿಸಿದಾಗ ದಂಡೆಯ ಹೊಲವೊಂದು ಬಾವಿ ಸಮೇತ ಮುಳುಗಿತ್ತು. ಬಾವಿಯ ಹಳೆಯ ಪಂಪಿನ ಕಬ್ಬಿಣದ ಚೌಕಟ್ಟು ನೀರಿನ ಮಟ್ಟದಿಂದ ಒಂದು ಗೇಣು ಕೆಳಗೆ ಹಾಗೇ ನಿಂತಿತ್ತು. ಅದರ ಗುರುತಿಗೆ ಮೂರು ಖಾಲಿ ಪ್ಲಾಸ್ಟಿಕ್ ಎಣ್ಣೆ ಡಬ್ಬಿ ಕಟ್ಟಿ ತೇಲಬಿಟ್ಟಿದ್ದರು. ಶ್ರೀಮಂತ ಎಂಬ ತರಬೇತುದಾರ ಆ ಕೆರೆಯಲ್ಲಿ ಹೊಸಬರಿಗೆ ಎರಡು ದಿನದ ಶಿಬಿರ ನಡೆಸುತ್ತಿದ್ದ: ಡೇರೆಯಲ್ಲಿ ವಾಸ, ಇಬ್ಬರು ಕೂತು ಹುಟ್ಟು ಹಾಕುವ ಕೆನೂ ದೋಣಿಯ ಪಾಠ. ಈ ಸಲ ಆರತಿ, ಅಜಿತ ಸೇರಿ ಏಳು ಜನ ಬಂದಿದ್ದರು.

7.20ಕ್ಕೆ ಅಣ್ಣತಂಗಿಯರ ದೋಣಿ ಚೌಕಟ್ಟಿಗೆ ಬಡಿದು ಮಗುಚಿತು. ಅಜಿತನ ಲೈಫ್ ಜಾಕೆಟ್ಟಿನ ಪಟ್ಟಿ ನೀರೊಳಗಿನ ಕಬ್ಬಿಣಕ್ಕೆ ಸಿಕ್ಕಿಕೊಂಡು ಅವನು ಮೇಲೆ ಬರಲಾಗಲಿಲ್ಲ. ಆರತಿ ಮಗುಚಿದ ದೋಣಿ ಹಿಡಿದುಕೊಂಡಳು. ಗಾಳಿ ಅವಳನ್ನು ದೋಣಿ ಸಮೇತ ದೂರ ತಳ್ಳಿತು.

ಹಸೀನಾ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೇಬಲ್ ಯಲ್ಲಾಲಿಂಗನನ್ನು ಕರೆದುಕೊಂಡು 11.50ಕ್ಕೆ ಕೆರೆ ತಲುಪಿದರು. ಯಲ್ಲಾಲಿಂಗ ಸೊಂಟಮಟ್ಟದ ನೀರಿನಲ್ಲಿ ನಡೆದು ಹೋಗಿ ಬಾವಿಕಟ್ಟೆಯಿಂದ ಮೂರು ನೈಲಾನ್ ಹಗ್ಗದ ತುಂಡು ತಂದ. ಮೂರರ ತುದಿಯೂ ಚಾಕುವಿನಿಂದ ಕೊಯ್ದದ್ದು. ಪಂಚರ ಎದುರು ಪಂಚನಾಮೆಯಾಯಿತು.

ಹಸೀನಾ ಶ್ರೀಮಂತನನ್ನು ಪಕ್ಕಕ್ಕೆ ಕರೆದರು.

"ಬಾವಿ ಸುದ್ದಿ ಎಲ್ಲಾರಿಗೂ ಹೇಳಿದ್ದ್ಯಾ?"

"ನಿನ್ನೆ ನಾಕು ಗಂಟೆಕ್ಕ ಹೇಳೇನ್ರಿ. ಡಬ್ಬಿ ದಾಟಬ್ಯಾಡ್ರಿ ಅಂತ."

"ಏಳೂ ಮಂದಿಗೆ?"

"ಒಬ್ರು ಟೀಚರ್ ತಡಾ ಮಾಡಿ ಬಂದ್ರು. ಅವರಿಗೆ ಮತ್ತ ಹೇಳಬೇಕಂದಿದ್ದೆ… ಮರತೆ."

"ನಿಮ್ಮ ಮ್ಯಾಲ ಯಾರಿಗಾದ್ರೂ ಸಿಟ್ಟಿತ್ತೇನು?"

"ಧೂಳಪ್ಪ ಜಗಳಾ ಮಾಡಿದ್ದ. ನಮ್ಮ ದೋಣಿಯಿಂದ ಅವನ ಮೀನಿನ ಬಲಿ ಹರದಿತ್ತು."

ಅರವತ್ತು ದಾಟಿದ ಮೀನುಗಾರ ಧೂಳಪ್ಪನನ್ನು ಮಧ್ಯಾಹ್ನ ಠಾಣೆಗೆ ಕರೆತಂದರು. ಅವನು ಹೆದರಲಿಲ್ಲ, ನೊಂದುಕೊಂಡ.

"ಆ ಡಬ್ಬಿ ಕಟ್ಟಿದಾಂವ ನಾನ ರೀ ಮೇಡಂ. ಅದು ನಮ್ಮಪ್ಪ ತೋಡಿಸಿದ ಬಾವಿ. ಬಿಚ್ಚೂದಿದ್ರ ಗಂಟ ಬಿಚ್ಚತಿದ್ದೆ. ಹಗ್ಗ ಯಾಕ ಹಾಳ ಮಾಡಲಿ?"

"ಹೆಣ ತಗದಾಂವ ನೀನ ಹೌದಲ್ಲ, ಕಾಕಾ?"

"ಹೌದ್ರಿ. ಬೊಬ್ಬಿ ಕೇಳಿ ಆ ದಂಡಿಯಿಂದ ಓಡಿ ಬಂದೆ. ಶಿಬಿರದವರು ದೋಣಿ ತೇಲಿ ಹ್ವಾದ ಕಡೆ ಹುಡುಕಾಕತ್ತಿದ್ರು. ಈ ವರ್ಷ ನೀರ ಏರೇತಿ, ದಂಡಿ ಗುರ್ತ ಸಿಗೂದಿಲ್ಲ. ಡಬ್ಬಿ ಇಲ್ಲದ ಬಾವಿ ಎಲ್ಲೈತಿ ಅಂತ ಆ ಶ್ರೀಮಂತಗ ತಿಳೀಲಿಲ್ಲ. ನಾ ಬರೂದ್ರಾಗ ಅರ್ಧಾ ತಾಸ ಆಗಿತ್ತು."

ಅವನ ಮಾತನ್ನು ಅಲ್ಲಗಳೆಯುವ ಸಾಕ್ಷ್ಯ ಸಿಗಲಿಲ್ಲ. ಹೇಳಿಕೆ ಬರೆದುಕೊಂಡು ಕಳಿಸಿದರು.

ಸಂಜೆ ಯಲ್ಲಾಲಿಂಗ ಶಿಬಿರದಿಂದ ತಂದ ಸಾಮಾನಿನ ಪಟ್ಟಿ ಓದುತ್ತಿದ್ದ. ತಾನು ಮಾಡಿದ ಕಸ ತಾನೇ ಹೊತ್ತೊಯ್ಯಬೇಕು ಎಂಬುದು ಶಿಬಿರದ ನಿಯಮ. ಅದಕ್ಕೆಂದು ಪ್ರತಿಯೊಬ್ಬರಿಗೂ ಅಂಕಿ ಬರೆದ ಬಟ್ಟೆಯ ಚೀಲ ಕೊಟ್ಟಿದ್ದರು.

"ಮೇಡಂ, ಚೀಲ ಆರ ಅದಾವ. ಐದನೇದು ಇಲ್ಲ."

"ಯಾರದು?"

"ರಾಜೇಶ್ವರಿ ಅಂತ. ಬಬಲೇಶ್ವರದಾಗ ವಿಜ್ಞಾನ ಟೀಚರ್. ಮುಂಜಾನೆ ಡೇರೆದಾಗ ಮಲಗಿದ್ದೆ, ಏನೂ ನೋಡಿಲ್ಲ ಅಂದಾರ."

ಹಸೀನಾ ಅಜಿತನ ಮೊಬೈಲ್ ತರಿಸಿದರು. ನೀರು ಹೋಗದ ಕವರಿನಲ್ಲಿದ್ದುದರಿಂದ ಅದು ಕೆಟ್ಟಿರಲಿಲ್ಲ. ಆರತಿ ಅದರ ಲಾಕ್ ತೆಗೆದಳು. ಕೊನೆಯ ವಿಡಿಯೊ ಬೆಳಿಗ್ಗೆ 7.14ರದು. ದೋಣಿ ದಂಡೆ ಬಿಡುತ್ತಿದೆ. ದಂಡೆಯಲ್ಲಿ ಸೊಂಟದವರೆಗೆ ತೊಯ್ದ ಹೆಂಗಸೊಬ್ಬಳು ಉಬ್ಬಿದ ಚೀಲ ಹಿಡಿದು ನಿಂತಿದ್ದಾಳೆ.

"ಏನ್ರಿ ಟೀಚರ್, ಇಷ್ಟ ಲಗೂನ ಎದ್ದೀರಿ?" ಅಜಿತನ ದನಿ.

"ಕೆರಿ ಸ್ವಚ್ಛ ಮಾಡೇನ್ರಿ!" ಆಕೆ ನಗುತ್ತ ಚೀಲ ಎತ್ತಿ ತೋರಿಸುತ್ತಾಳೆ.

ಆರತಿ ಅದನ್ನು ಮೂರು ಸಲ ನೋಡಿದಳು.

ಸೋಮವಾರ ಸಂಜೆ 4.40ಕ್ಕೆ ಹಸೀನಾ ಬಬಲೇಶ್ವರದ ಬಾಡಿಗೆ ಮನೆಯೊಂದರ ಬಾಗಿಲು ಬಡಿದರು. ರಾಜೇಶ್ವರಿಗೆ ನಲವತ್ತೆರಡು ವರ್ಷ. ಆಗಷ್ಟೇ ಶಾಲೆಯಿಂದ ಬಂದಿದ್ದರು.

"ಐದನೇ ನಂಬರಿನ ಚೀಲ ಎಲ್ಲೈತ್ರಿ?"

ರಾಜೇಶ್ವರಿ ಬಚ್ಚಲಿನತ್ತ ಕೈ ತೋರಿಸಿದರು. ನೀರಿನ ಡ್ರಮ್ಮಿನ ಹಿಂದೆ ಚೀಲ ಸಿಕ್ಕಿತು. ಒಳಗೆ ಮೂರು ಡಬ್ಬಿ. ಒಂದರ ಮೇಲೆ ಬಣ್ಣದಲ್ಲಿ ಬರೆದ 'ಬಾವಿ' ಎಂಬ ಅಕ್ಷರ ಮಾಸಿ, ಹತ್ತಿರದಿಂದ ನೋಡಿದರಷ್ಟೇ ಕಾಣುತ್ತಿತ್ತು. ಪಂಚರನ್ನು ಕರೆಸಿ ಜಪ್ತಿ ಮಾಡಿದರು.

"ಕಸ ಅಂತ ತಿಳದ್ರಿ?"

"ಹೌದ್ರಿ. ನೀರಾಗ ಪ್ಲಾಸ್ಟಿಕ್ ಬಿಡಬಾರದಂತ ಹಿಂದಿನ ದಿನ ಶ್ರೀಮಂತ ಹೇಳಿದ್ದ. ನಾನೂ ಮಕ್ಕಳಿಗೆ ಅದನ್ನ ಹೇಳತೇನಿ. ಎಲ್ಲಾರು ಏಳೂದ್ರಾಗ ತಗದ್ರ ಛಂದ ಅನಿಸ್ತು. ಹಗ್ಗ ಕೆಳಗ ಸಿಕ್ಕೊಂಡೈತಿ ಅಂತ ಕೊಯ್ದೆ."

"ಗುರುತಿನ ಡಬ್ಬಿ ಅಂತ ಯಾವಾಗ ತಿಳೀತು?"

ರಾಜೇಶ್ವರಿ ಗೋಡೆಗೆ ಒರಗಿ ಕೂತರು.

"ಶ್ರೀಮಂತ ನೀರಾಗ ನಿಂತು ಚೀರಿದಾಗ್ರಿ. ಡಬ್ಬಿ ಎಲ್ಲದಾವು, ಬಾವಿ ಎಲ್ಲೈತಿ ಅಂತ."

"ನಿಮಗ ಜಾಗಾ ಗೊತ್ತಿತ್ತು."

"ಗೊತ್ತಿತ್ತು."

"ಮತ್ತ?"

"ಬಾಯಿ ಬರಲಿಲ್ರಿ. ಹೇಳಿದ್ರ ನಾನ ತಗದಿದ್ದು ಅಂತ ಎಲ್ಲಾರಿಗೂ ತಿಳೀತಿತ್ತು. ಈಗ ಹೇಳತೇನಿ, ಈಗ ಹೇಳತೇನಿ ಅನ್ನೂದ್ರಾಗ ಆ ಮುದುಕ ಬಂದ."

5.35ಕ್ಕೆ, ಹೊತ್ತು ಮುಳುಗುವ ಮುನ್ನ, ಹಸೀನಾ ರಾಜೇಶ್ವರಿಯನ್ನು ಬಂಧಿಸಿದರು. ನಿರ್ಲಕ್ಷ್ಯದಿಂದ ಸಾವಿಗೆ ಕಾರಣ, ಸಾಕ್ಷ್ಯ ಬಚ್ಚಿಟ್ಟದ್ದು: ಇವು ಆಕೆಯ ಮೇಲಿನ ಆರೋಪಗಳು. ನಿರ್ಲಕ್ಷ್ಯದ ಆರೋಪದಲ್ಲಿ ಶ್ರೀಮಂತನ ಹೆಸರೂ ಸೇರಿತು. ಅವನು ತಕರಾರು ತೆಗೆಯಲಿಲ್ಲ.

ಹದಿನೆಂಟು ವರ್ಷದ ನೌಕರಿಯಲ್ಲಿ ರಾಜೇಶ್ವರಿಯ ವಿರುದ್ಧ ಒಂದು ದೂರೂ ಇರಲಿಲ್ಲ. ಶಾಲೆಯ ಅಂಗಳದಲ್ಲಿ ಕಾಗದದ ಚೂರು ಕಂಡರೂ ಬಗ್ಗಿ ಎತ್ತುವ ಟೀಚರ್ ಎಂದೇ ಊರಿಗೆ ಗೊತ್ತು. ಹಗ್ಗ ಕೊಯ್ಯಿಸಿದ್ದು ಆ ಒಳ್ಳೆಯತನ. ಬಾಯಿ ಕಟ್ಟಿದ್ದು ಆ ಹೆಸರು ಕೆಡುವ ಭಯ.

ಮಂಗಳವಾರ ಬೆಳಿಗ್ಗೆ ಆರತಿ ಹೇಳಿಕೆಗೆ ಸಹಿ ಹಾಕಲು ಬಂದಳು. ಸಹಿಯಾದ ಮೇಲೂ ಎದ್ದು ಹೋಗಲಿಲ್ಲ.

"ಮೇಡಂ, ಆಕಿ ಆವಾಗ್ಲೇ ಹೇಳಿದ್ರ ನಮ್ಮಣ್ಣ ಉಳೀತಿದ್ನೇನ್ರಿ?"

ಹಸೀನಾ ಮರಣೋತ್ತರ ಪರೀಕ್ಷೆಯ ವರದಿ ಓದಿದ್ದರು. ಎಷ್ಟು ಹೊತ್ತಿಗೆ ಉಸಿರು ನಿಂತಿತೆಂದು ಖಚಿತವಾಗಿ ಹೇಳಲಾಗದು ಎಂದು ವೈದ್ಯರು ಬರೆದಿದ್ದರು.

"ಗೊತ್ತಿಲ್ಲವ್ವ," ಎಂದರು. "ಯಾರಿಗೂ ಗೊತ್ತಾಗೂದಿಲ್ಲ."