ಬೆಳಿಗ್ಗೆ 9:14ರ ಮಾರ್ಕೆಟ್ ಆರ್ಡರ್

ನವೆಂಬರ್ 12, ಸಂಜೆ 6:20. ಬೆಂಗಳೂರಿನ ಎಂಜಿನಿಯರ್ ವಿನಾಯಕ್ ಟೋಕಿಯೊದ ಕೋಟೋ ಬಡಾವಣೆಯ ಪೊಲೀಸ್ ಠಾಣೆಗೆ ಬಂದು, ತನ್ನ ಷೇರು ಖಾತೆಗೆ ಯಾರೋ ಕನ್ನ ಹಾಕಿದ್ದಾರೆಂದು ದೂರು ಕೊಟ್ಟ. ಇನ್‌ಸ್ಪೆಕ್ಟರ್ ಓನೋ ದೂರು ದಾಖಲಿಸಿಕೊಂಡರು. ಪಕ್ಕದಲ್ಲಿ ದುಭಾಷಿ ವೇದವಲ್ಲಿ ಕುಳಿತಿದ್ದರು. ಇಪ್ಪತ್ತು ವರ್ಷದಿಂದ ಟೋಕಿಯೊದಲ್ಲಿ ಒಂಟಿಯಾಗಿರುವ ಅವರಿಗೆ ಠಾಣೆಯಿಂದ ಕರೆ ಬಂದರೆ ಒಳಗೊಳಗೇ ಖುಷಿ. ಯಾರದೋ ಕಷ್ಟವಾದರೂ ಕನ್ನಡದ ಕಷ್ಟ ತಾನೆ.

"ಮೂರು ಸಾವಿರ ಯೆನ್‌ಗೆ ಲಿಮಿಟ್ ಹಾಕಿದ್ದೆ. ಆ ರೇಟ್ ಬಂದ್ರೆ ಮಾತ್ರ ಸೇಲ್. ಯಾರೋ ಅದನ್ನ ಕ್ಯಾನ್ಸಲ್ ಮಾಡಿ ಮಾರ್ಕೆಟ್ ಆರ್ಡರ್ ಕೊಟ್ಟಿದಾರೆ."

"ಹಾಗಂದ್ರೇನು ಅಂತ ಕೇಳ್ತಿದಾರೆ," ಎಂದರು ವೇದವಲ್ಲಿ.

"ಸಿಕ್ಕಿದ ರೇಟಿಗೆ ಈಗಲೇ ಮಾರು ಅಂತ. ಚಿಕ್ಕ ಕಂಪನಿ, ಕೊಳ್ಳೋರೇ ಕಮ್ಮಿ. ಎರಡು ಸಾವಿರ ಚಿಲ್ಲರೆ ಇದ್ದದ್ದು ಕೊನೆಕೊನೆಗೆ ಸಾವಿರದ ಆರುನೂರಕ್ಕೆ ಹೋಗಿದೆ."

"ಬಂದ ಹಣ?"

"ಅಕೌಂಟಲ್ಲೇ ಇದೆ."

ಓನೋ ಪೆನ್ನು ಕೆಳಗಿಟ್ಟರು. ಗಂಟು ಬಿಟ್ಟು ಹೋಗುವ ಕಳ್ಳನನ್ನು ಅವರು ಈವರೆಗೆ ಕಂಡಿರಲಿಲ್ಲ.

15ರಂದು ಬ್ರೋಕರ್ ಕಂಪನಿಯ ದಾಖಲೆ ಬಂತು. ಆರ್ಡರ್ ಹೋದದ್ದು 12ರ ಬೆಳಿಗ್ಗೆ 9:14ಕ್ಕೆ, ವಿನಾಯಕನ ಮನೆಯ ವೈಫೈನಿಂದಲೇ. ಆಗ ಅವನು ಆಫೀಸಿನಲ್ಲಿದ್ದ. ಇಪ್ಪತ್ತೆರಡನೇ ಮಹಡಿಯ ಆ ಮನೆಗೆ ಪೊಲೀಸರು ವೇದವಲ್ಲಿಯವರ ಜೊತೆ ಹೋದಾಗ, ಇಂದು ಎಂಬ ಹೆಸರಿನ ಅವನ ಹೆಂಡತಿ ಕೇಳುವ ಮೊದಲೇ ಟ್ಯಾಬ್ಲೆಟ್ ತಂದು ಮೇಜಿನ ಮೇಲಿಟ್ಟಳು. ಪಂಚನಾಮೆ ಅರ್ಧ ಗಂಟೆಯಲ್ಲಿ ಮುಗಿಯಿತು.

"ಪಾಸ್‌ವರ್ಡ್ ಹೇಗೆ ಗೊತ್ತು?"

"ಅವರು ದಿನಾ ಟೈಪ್ ಮಾಡೋದನ್ನ ನೋಡ್ತಿದ್ದೆ."

"ಯಾಕೆ ಮಾರಿದ್ರಿ?"

"ಮೂರು ಸಾವಿರ ಮುಟ್ಟಿದ ದಿನ ಊರಿಗೆ ವಾಪಸ್ ಹೋಗೋಣ ಅಂದಿದ್ರು. ನಾಲ್ಕು ವರ್ಷ ಆಯ್ತು. ಸ್ಕ್ರೀನ್ ಮೇಲೆ ಎರಡು ಸಾವಿರದ ಐವತ್ತು ಅಂತಿತ್ತು. ಎಲ್ಲಾ ಅದೇ ರೇಟಿಗೆ ಹೋಗುತ್ತೆ ಅಂದ್ಕೊಂಡೆ. ನೋಡ್ತಿದ್ದ ಹಾಗೇ ಇಳೀತಾ ಹೋಯ್ತು, ನಿಲ್ಸೋಕಾಗ್ಲಿಲ್ಲ."

ಗೋಡೆಗೆ ಒರಗಿ ನಿಂತಿದ್ದ ವಿನಾಯಕ್, ದೂರು ವಾಪಸ್ ತಗೋತೀನಿ ಎಂದ. ಇನ್ನೊಬ್ಬರ ಪಾಸ್‌ವರ್ಡ್ ಬಳಸಿ ಒಳಹೊಕ್ಕ ಅಪರಾಧದಲ್ಲಿ, ದೂರು ಹಿಂಪಡೆದರೂ ಕೇಸು ನಡೆದೇ ನಡೆಯುತ್ತದೆಂದರು ಓನೋ. ಅವರಿಗೂ ಅದನ್ನು ಹೇಳಲು ಮನಸ್ಸಿರಲಿಲ್ಲ.

ಅಂದೇ ಸಂಜೆ 4:10ಕ್ಕೆ ಇಂದುವಿನ ಬಂಧನವಾಯಿತು. ಕೇಸು ಮುಗಿಯುವವರೆಗೆ ಜಪಾನ್ ಬಿಟ್ಟು ಹೋಗುವಂತಿಲ್ಲ ಎಂಬ ಮಾತನ್ನು ವೇದವಲ್ಲಿ ಕನ್ನಡದಲ್ಲಿ ಹೇಳಿದರು.

ಇಂದು ಅವರ ಕಡೆ ತಿರುಗಿದಳು.

"ಮನೇಲಿ ಅವರು ರೇಟ್ ನೋಡ್ತಾರೆ, ನಾನು ಅವರನ್ನ ನೋಡ್ತೀನಿ. ಈ ನಾಲ್ಕು ವರ್ಷದಲ್ಲಿ ಇಷ್ಟು ಹೊತ್ತು ಕೂತು ನನ್ನ ಹತ್ರ ಯಾರೂ ಮಾತಾಡಿರ್ಲಿಲ್ಲ ಮೇಡಂ. ನಾಳೆನೂ ನೀವೇ ಬರ್ತೀರಾ?"

ಅದನ್ನು ವೇದವಲ್ಲಿ ಓನೋ ಅವರಿಗೆ ಅನುವಾದಿಸಲಿಲ್ಲ.

"ಬರ್ತೀನಿ ಕಣಮ್ಮ," ಎಂದರು.