ಮೂರು ಸಲ ಮರಳಿಸಲಾಗಿದೆ

"ಕಿಶೋರ ನಾಯ್ಕ ಅಂದ್ರೆ ಯಾರು?"

ಕಾರವಾರದ ವಿಶ್ವವಿದ್ಯಾಲಯದ ಕಚೇರಿಯಲ್ಲಿ ಸಾಲು ಕಂಪ್ಯೂಟರುಗಳ ಹಿಂದಿನಿಂದ ಒಂದು ತಲೆ ಮೇಲೆದ್ದಿತು.

"ನಾನೇ. ಎಂತ ಬೇಕಿತ್ತು?"

ಯೋಗಿತಾ ಒಂದು ಕ್ಷಣ ತಡೆದಳು. ಅಂಕೋಲೆಯಿಂದ ಬಸ್ಸಿನುದ್ದಕ್ಕೂ ಅವಳು ಮನಸ್ಸಿನಲ್ಲೇ ಚಿತ್ರಿಸಿಕೊಂಡು ಬೈಯುತ್ತ ಬಂದ ಮನುಷ್ಯನಿಗೆ ಐವತ್ತೈದು ವರ್ಷವಾಗಿತ್ತು, ಹೊಟ್ಟೆ ಬಂದಿತ್ತು. ಇವನು ಅವಳದೇ ವಯಸ್ಸಿನವನು...

ಮೊಬೈಲನ್ನು ಅವನ ಮೇಜಿನ ಮೇಲಿಟ್ಟಳು. ಒಂದರ ಕೆಳಗೊಂದು ಮೂರು ಮೆಸೇಜು. ಮೂರರಲ್ಲೂ ಒಂದೇ ಸಾಲು: 'ನಿಮ್ಮ ಪಠ್ಯಕ್ರಮವನ್ನು ಮರಳಿಸಲಾಗಿದೆ. ಕಿಶೋರ ನಾಯ್ಕ.'

"ನಾ ನಿಮ್ಗೆ ಎಂತ ಅನ್ಯಾಯ ಮಾಡಿದ್ದೆ?"

ಯೋಗಿತಾ ಅಂಕೋಲೆಯ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರದ ಅತಿಥಿ ಉಪನ್ಯಾಸಕಿ. 'ಗಜನಿ ಕೃಷಿ' ಎಂಬ ವಿಷಯವನ್ನು ಅವಳೇ ಕಟ್ಟಿದ್ದಳು. ಹೊಳೆ ಸಮುದ್ರ ಸೇರುವಲ್ಲಿಯ ಉಪ್ಪುನೀರಿನ ಗದ್ದೆ, ಅದರಲ್ಲಿ ಬೆಳೆಯುವ ಕಗ್ಗ ಭತ್ತ, ಅಷ್ಟೇ ಅದರ ಪಾಠ. ಈ ವರ್ಷ ವಿಶ್ವವಿದ್ಯಾಲಯದ ಎಲ್ಲ ಪಠ್ಯಕ್ರಮವೂ ಹೊಸ ಸಾಫ್ಟ್‌ವೇರಿಗೆ ಹೋಗಬೇಕಿತ್ತು. ಇವತ್ತು ಐದು ಗಂಟೆಗೆ ಕೊನೆ. ಒಳಗೆ ಸೇರದ ವಿಷಯಕ್ಕೆ ಪಾಠವಿಲ್ಲ. ಪಾಠವಿಲ್ಲದಿದ್ದರೆ ಅತಿಥಿಗೂ ಕೆಲಸವಿಲ್ಲ.

ಗೋಡೆಯ ಗಡಿಯಾರದಲ್ಲಿ ನಾಲ್ಕೂಕಾಲು.

"ಎಷ್ಟು ಓದಿದ್ದೀರಿ ನೀವು?" ಕೇಳಿದಳು.

"ಒಂಬತ್ತನೇ ಕ್ಲಾಸು."

"ಅದಕ್ಕೇ."

ಆ ಒಂದು ಮಾತು ಎಲ್ಲಿ ತಾಗುತ್ತದೆ ಎಂದು ಡಿಗ್ರಿ ಇದ್ದವರಿಗೆ ಗೊತ್ತಿರುವುದಿಲ್ಲ. ತಾಗಿಸಿಕೊಂಡವರಿಗೆ ಗೊತ್ತಿರುತ್ತದೆ.

ಕಿಶೋರ ಅವಳ ಪಠ್ಯಕ್ರಮವನ್ನು ಪರದೆಯಲ್ಲಿ ತೆರೆದ.

"ನೀವು ಒಮ್ಮೆಯಾದ್ರೂ ಲಾಗಿನ್ ಮಾಡಿ ನೋಡಿದ್ರಾ ಮೇಡಂ?"

"ಅದೆಲ್ಲ ಪ್ರಗತಿ ಮಾಡ್ತಾಳೆ."

ಪ್ರಗತಿ ಕಾಲೇಜಿನ ಗುಮಾಸ್ತೆ. ಮರಳಿ ಬಂದದ್ದನ್ನು ಒಂದಕ್ಷರ ತಿದ್ದದೆ ಮೂರು ಸಲವೂ ತಿರುಗಿ ಕಳಿಸಿದ್ದಳು.

ಅವನು ಪರದೆಯನ್ನು ಅವಳತ್ತ ತಿರುಗಿಸಿದ.

ವಿಷಯ: ಗಜನಿ ಕೃಷಿ. ವಿಭಾಗ: ಇತಿಹಾಸ.

"ಇತಿಹಾಸನಾ?"

"ಟೈಪ್ ಮಾಡಿದ್ದು ನಾನು. ವಿಭಾಗ ಸಾಫ್ಟ್‌ವೇರ್ ಕಂಪನಿಯಿಂದ ಬಂದ ಎಂ.ಟೆಕ್‌ನವ್ರು ಹಾಕಿದ್ದು. ಗಜನಿ ಅಂದ್ರೆ ದಂಡೆತ್ತಿ ಬಂದ ಮಹಮ್ಮದ ಅಂತೆ. ಒಂಬತ್ತನೇ ಕ್ಲಾಸಿನವ ಹಾಕಿದ್ದಲ್ಲ."

ಯೋಗಿತಾ ಕುರ್ಚಿ ಎಳೆದು ಕುಳಿತಳು.

"ನಾ ಮುಂದೆ ಕಳ್ಸಿದ್ರೆ ಅದು ಇತಿಹಾಸದಲ್ಲೇ ಬೀಗ ಬೀಳ್ತಿತ್ತು. ಅಲ್ಲಿ ಕಲ್ಸೂಕೆ ನಿಮ್ಮನ್ನ ಯಾರು ಕರೀತಿದ್ರು? ವಿಭಾಗ ಬದಲ್ಸೂಕೆ ಪಾಠ ಮಾಡುವವ್ರಿಗೆ ಮಾತ್ರ ಅಧಿಕಾರ. ಮರಳಿಸ್ದಷ್ಟು ದಿನ ಬಾಗ್ಲು ತೆರೆದಿರ್ತದೆ."

"ಒಂದು ಫೋನ್ ಮಾಡೂಕಾಗ್ತಿರ್ಲಿಲ್ವಾ?"

"ಮಾಡ್ದೆ. ಹೆಸ್ರು ಹೇಳ್ದಕೂಡ್ಲೇ ಇಟ್ರಿ. ಎರಡು ಸಲ."

ಹೌದು... ಇಟ್ಟಿದ್ದಳು. ಇಟ್ಟ ಮೇಲೆ ಪ್ರಗತಿಯ ಎದುರು ನಕ್ಕೂ ಇದ್ದಳು.

ಲಾಗಿನ್ ಆದಳು. ಇತಿಹಾಸ ತೆಗೆದು ಸಸ್ಯಶಾಸ್ತ್ರ ಹಾಕಿದಳು. ಕೆಳಗೆ 'ಮರಳಿಸಿದ ಕಾರಣ' ಎಂಬ ಜಾಗವಿತ್ತು. ಮೊಬೈಲಿನ ಮೆಸೇಜಿನಲ್ಲಿ ಇದು ಬಂದಿರಲೇ ಇಲ್ಲ.

ಒಂದು: 'ಗಜನಿ ದೊರೆಯಲ್ಲ, ಗದ್ದೆ. ವಿಭಾಗ ತಿದ್ದಿ.'

ಎರಡು: 'ಮೇಡಂ, ದಯವಿಟ್ಟು ಇದನ್ನು ಓದಿ.'

ಮೂರನೆಯದು ಉದ್ದವಿತ್ತು. ಕಿಶೋರನ ಕೈ ಅಡ್ಡ ಬಂತು.

"ಅದು ಓದ್ಬೇಡಿ. ಸಾಕು."

"ಕೈ ತೆಗೀರಿ."

'ಇದನ್ನು ಯಾರೂ ಓದುವುದಿಲ್ಲ ಎಂದು ಖಾತ್ರಿಯಾಗಿದೆ, ಅದಕ್ಕೆ ಬರೆಯುತ್ತೇನೆ. ಹಟ್ಟಿಕೇರಿಯಲ್ಲಿ ನಮ್ಮ ಆಯಿ ಕಗ್ಗ ಬಿತ್ತುತ್ತಾಳೆ. ಅವಳು ಮಾಡುವುದು ಓದಿ ಕಲಿಯುವಂಥ ವಿದ್ಯೆ ಎಂದು ನಿಮ್ಮ ಪಾಠ ಟೈಪ್ ಮಾಡುವಾಗ ಗೊತ್ತಾಯಿತು. ನೀವು ಕಲಿಸುತ್ತಿದ್ದರೆ ನಾನು ಶಾಲೆ ಬಿಡುತ್ತಿರಲಿಲ್ಲ. ನಿಮ್ಮನ್ನು ನೋಡಿಲ್ಲ. ನೋಡಬೇಕು ಅನ್ನಿಸುತ್ತದೆ.'

ಅವಳ ಕಣ್ಣಿಗೆ ಪರದೆ ಮಸುಕಾಯಿತು. 'ಅದಕ್ಕೇ' ಎಂದ ತನ್ನ ದನಿ ಕಿವಿಯಲ್ಲಿ ಹಾಗೇ ಇತ್ತು.

"ನಾ ಆಗ ಹಾಗೆ ಅಂದದ್ದು ತಪ್ಪಾಯ್ತು."

"ಹೌದು, ತಪ್ಪೇ," ಅವನೆಂದ. "ತಾಗ್ತು ನಂಗೆ."

"ಮತ್ತೆ ಸುಮ್ನೆ ಯಾಕಿದ್ರಿ?"

"ಜಗಳ ಮಾಡೂಕೆ ಹೋದ್ರೆ ಐದು ಗಂಟೆ ಆಗ್ತಿತ್ತು."

ನಾಲ್ಕು ಐವತ್ತೆರಡಕ್ಕೆ ಅವನು ಗುಂಡಿ ಒತ್ತಿದ. ಸಸ್ಯಶಾಸ್ತ್ರ. ಗಜನಿ ಕೃಷಿ. ಬೀಗ ಬಿತ್ತು.

ಆಮೇಲೆ ಅವನಿಗೆ ನೆನಪಾಯಿತು. ಮುಖ ಸಣ್ಣದಾಯಿತು.

"ಆ ಮೂರನೇದು ಅಳಿಸ್ಬೇಕಿತ್ತು. ಇನ್ನು ಯಾರಿಂದ್ಲೂ ಆಗೂದಿಲ್ಲ."

"ಒಳ್ಳೇದಾಯ್ತು," ಎಂದಳು ಯೋಗಿತಾ. "ನಾ ಅಳಿಸೂಕೆ ಬಿಡ್ತಿರ್ಲಿಲ್ಲ."

ಅವನು ಹೇಳುವುದನ್ನೆಲ್ಲ ಬರೆದಾಗಿತ್ತು.

ಅವಳು ಬ್ಯಾಗು ಹೆಗಲಿಗೇರಿಸಿ ಬಾಗಿಲವರೆಗೆ ಹೋಗಿ ನಿಂತಳು.

"ಭಾನುವಾರ ನಿಮ್ಮ ಆಯಿಯ ಗದ್ದೆ ನೋಡೂಕೆ ಹಟ್ಟಿಕೇರಿಗೆ ಬರ್ತೆ. ಮರಳಿಸ್ತೀರಾ?"

ಕಿಶೋರ ಮೊದಲ ಸಲ ನಕ್ಕ.

"ಕಡೇ ಬಸ್ಸಿಗೆ."